ನೀಲಿಯಾಗಿಯೇ ಉಳಿದ ನನ್ನ ನಳಿಗೆ

ಅಕ್ಕಾ, ಆ ಗಾಜಿನ ನಳಿಗೆಯಲ್ಲಿ ಇದ್ದದ್ದು ನನ್ನ ಮೂತ್ರವಲ್ಲ. ನಿನ್ನದೇ ಬಚ್ಚಲ ಕೊಡದ ನೀರು. ಒಂದು ಸಲವಲ್ಲ — ಎಂಟು ತಿಂಗಳು, ಪ್ರತಿ ಭಾನುವಾರ.

ತೊಂಬತ್ತರ ದಶಕದ ನಡುವೆ ನಮ್ಮಿಬ್ಬರಿಗೂ ಒಂದೇ ವರ್ಷ ಸಕ್ಕರೆ ಕಾಯಿಲೆ ಹತ್ತಿತು. ಸಿಂದಗಿಯಲ್ಲಿ ನೀನು ಕನ್ನಡ ಸಾಲಿಯ ಅಕ್ಕೋರು, ಎರಡು ಓಣಿ ಆಚೆ ನಾನು ಕಚೇರಿಯ ಗುಮಾಸ್ತ. ಕಾಯಿಲೆ ಗೊತ್ತಾದ ವಾರವೇ ನೀನು ಹಿತ್ತಲ ಕಟ್ಟೆಯ ಮೇಲೆ ಸ್ಪಿರಿಟ್ ದೀಪ, ನಳಿಗೆ, ನೀಲಿ ದ್ರಾವಣದ ಬಾಟ್ಲಿ ತಂದಿಟ್ಟು, ಭಾನುವಾರಕ್ಕೊಮ್ಮೆ ಪರೀಕ್ಷೆಗೆ ನನ್ನನ್ನೂ ಕರೆದೆ. ನಾನು? ಕಾಲು ತೆಗೆದರೆ ಒಂದೇ ಚಪ್ಪಲಿ ಮಾರುತ್ತಾರೋ ಇಲ್ಲವೋ ಎಂದು ಅಂಗಡಿಯ ಮುಂದೆ ನಿಂತು ಯೋಚಿಸಿದೆ.

ಆ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಸಿದರೆ ಬಣ್ಣವೇ ಹೇಳುತ್ತಿತ್ತು. ನೀಲಿ ಉಳಿದರೆ ಕ್ಷೇಮ, ಹಸಿರಾದರೆ ಎಚ್ಚರ, ಇಟ್ಟಂಗಿ ಕೆಂಪಾದರೆ — ಅದನ್ನು ದವಾಖಾನೆಯಲ್ಲೇ ಒಮ್ಮೆ ನೋಡಿಬಿಟ್ಟಿದ್ದೆ. ಮತ್ತೆ ನೋಡುವ ಧೈರ್ಯ ... ಇರಲಿ. ಹಾಗಾಗಿ ನೀರು.

ನಿನ್ನದು ಪ್ರಾಮಾಣಿಕವಾಗಿ ತಿಳಿಹಸಿರಾಗುತ್ತಿತ್ತು. ಒಂದು ಭಾನುವಾರ ನೀನು ಎರಡೂ ನಳಿಗೆಗಳನ್ನು ಬಿಸಿಲಿಗೆ ಹಿಡಿದು ಕೇಳಿದೆ: “ಒಂದ ತಾಯಿ ಮಕ್ಕಳೋ ತಮ್ಮಾ. ನಿಂದು ಹಿಂಗ, ನಂದ್ಯಾಕ ಹಂಗ? ಎಷ್ಟು ರೊಟ್ಟಿ ತಿಂತಿ ನೀ?”

ಹಿಂದಿನ ದಿನ ಮೂರು ರೊಟ್ಟಿಯ ಮೇಲೆ ಒಂದು ಬಟ್ಟಲು ಬೆಲ್ಲದ ಗೋಧಿ ಹುಗ್ಗಿ ಹೊಡೆದಿದ್ದೆ.

“ಒಂದ, ಅಕ್ಕಾ. ಅದೂ ತೆಳ್ಳಂದು.”

ಆ ‘ತೆಳ್ಳಂದು’ — ಅದನ್ನು ನನಗೆ ಯಾರು ಕೇಳಿದ್ದರು?

ಅಂದಿನಿಂದ ನೀನು ಒಂದು ರೊಟ್ಟಿಗೆ ಇಳಿದೆ. ಗುಳಿಗೆ ಮಾತ್ರ ಮೊದಲಿನಷ್ಟೇ. ಹತ್ತನೆಯ ದಿನ ಮಕ್ಕಳಿಗೆ ಮಗ್ಗಿ ಹೇಳಿಸುತ್ತ, ಬೆವತು, ಮೇಜು ಹಿಡಿದುಕೊಂಡೇ ಕುಸಿದೆ. ನಾನು ದವಾಖಾನೆಗೆ ಓಡಿ ಬಂದಾಗ ನಿನಗೆ ಗ್ಲುಕೋಸ್ ಏರಿಸುತ್ತಿದ್ದರು. ಊಟ ಬಿಟ್ಟು ಗುಳಿಗೆ ನುಂಗಿದರೆ ಸಕ್ಕರೆ ಇಳಿದು ಜೀವವೇ ಹೋಗುತ್ತದೆ, ಯಾರು ಕಲಿಸಿದರು ಇದನ್ನು ಎಂದು ಡಾಕ್ಟರು ಬೈದರು.

“ಯಾರೂ ಇಲ್ರಿ. ನಾನ ಅತಿ ಮಾಡಿದೆ,” ಎಂದೆ ನೀನು.

ನಾನು ಮಂಚದ ಬುಡದಲ್ಲೇ ನಿಂತಿದ್ದೆ. ಬಾಯಿ ಇತ್ತು, ಮಾತೂ ಇತ್ತು. ತೆಗೆಯಲಿಲ್ಲ.

ಆಮೇಲೆ ನೀನು ಬದುಕಿದ ರೀತಿ — ನಾನಾಗಿದ್ದರೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ, ಮೆಂತ್ಯ ಪಲ್ಯ, ಹೆಸರುಕಾಳು. ಸಾಲಿಗಿಂತ ಮೊದಲು ಕೆರೆಯ ತನಕ ನಡಿಗೆ. ಚೀಲದಲ್ಲಿ ಸದಾ ಒಂದು ತುಂಡು ಬೆಲ್ಲ. ಸಂಜೆ ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಿದ್ದೆ, ಮದುವೆಗೆ ಹೊರಟವಳು ಮುಖ ನೋಡಿಕೊಂಡ ಹಾಗೆ. ಯುಗಾದಿಗೆ ನಾಲ್ಕು ಬೆರಳಗಲ ಹೋಳಿಗೆಯನ್ನು ಎಷ್ಟು ಹೊತ್ತು ತಿನ್ನುತ್ತಿದ್ದೆ! ಐದು ನುಂಗಿದ ನನಗೆ ಆ ರುಚಿ ಒಮ್ಮೆಯೂ ಸಿಗಲಿಲ್ಲ. ಓಣಿಯ ಹೆಂಗಸರಿಗೆ ನೀನು ಹೇಳುತ್ತಿದ್ದೆ: “ಈ ರೋಗ ಅತ್ತಿ ಇದ್ದಂಗವಾ. ಹೊತ್ತಿಗೆ ಊಟ ಕೊಟ್ಟು ವಿಚಾರಿಸಿಕೊಂಡ್ರ ಸುಮ್ಮನಿರತಾಳ.” ಅವರು ನಗುತ್ತಲೇ ಕಲಿತರು. ನಾನು ಮಾತ್ರ ಹಿಮ್ಮಡಿಯ ಹುಣ್ಣು ಮೂರು ತಿಂಗಳು ಮಾಯದೆ ಹೋದ ಮೇಲೆ, ನಿನ್ನನ್ನು ನೋಡಿ, ಕದ್ದು ಕಲಿತೆ.

ಈಗ ಹೊರ್ತಿ ಊರಿನ ಹೆಣ್ಣುಮಕ್ಕಳ ಸಂಘದವರು ಈ ಕಾಯಿಲೆಯ ಬಗ್ಗೆ ಮಾತಾಡಲು ನಿನ್ನನ್ನು ಕರೆದಿದ್ದಾರೆ. ನಿನ್ನೆ ನೀನು ಅಂದೆ: “ನೀನೂ ಬಾ. ನಳಿಗಿ ನೀಲಿ ಇಟ್ಟು ನನಗ ದಾರಿ ತೋರಿಸಿದಾಂವ ನನ್ನ ತಮ್ಮ ಅಂತ ಎಲ್ಲಾರ ಮುಂದ ಹೇಳ್ತೇನಿ.”

ಹೇಳಬೇಡ ಅಕ್ಕಾ. ದಾರಿ ನಿನ್ನದೇ. ನಾನು ಅದರಲ್ಲಿ ನಿನ್ನನ್ನು ಕೆಡವಿದವನು — ಕೆಡವಿ, ಇಷ್ಟು ವರ್ಷ ನಿನ್ನ ಹೊಗಳಿಕೆಯನ್ನೂ ತಿಂದವನು.

ಈ ಕಾಗದವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ನಾಳೆ ನಾನೇ ತರುತ್ತೇನೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದು. ಬೈಯುವುದಿದ್ದರೆ ಬೈ, ಬೈಯದೆ ಇದ್ದರೆ — ನನಗೆ ಅದೇ ಭಯ. ಏನೇ ಆಗಲಿ, ನೀನು ಓದಿ ಮುಗಿಸಿ ತಲೆಯೆತ್ತುವವರೆಗೆ ಎದುರಿಗೇ ಕೂತಿರುತ್ತೇನೆ.