ಗಾಜಣ್ಣ ಆರಿಸಿ ತಂದ ಗಾಜು

ಗಾಜಣ್ಣ ಕಿಟಕಿಗೆ ಗಾಜು ಕೂರಿಸಿದರೆ ನೊಣಕ್ಕೂ ಗೊತ್ತಾಗುತ್ತಿರಲಿಲ್ಲ. ಬಂದು ಢೀ ಕೊಡುತ್ತಿತ್ತು. ಅದೇ ಅವನ ಜಂಬ. ಪ್ರತಿಯೊಂದು ಗಾಜನ್ನೂ ಕಣ್ಣಿಗೆ ಹಿಡಿದು, ಎಳ್ಳಷ್ಟು ಮಬ್ಬಿದ್ದರೂ "ಇದು ಗಾಜಲ್ಲ, ತಗಡು" ಎಂದು ಪಕ್ಕಕ್ಕಿಡುತ್ತಿದ್ದ. "ನನ್ನನ್ನೂ ಹೀಗೇ ಹಿಡಿದು ನೋಡಿ ಕಟ್ಕೊಂಡ್ರಾ?" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಈಗ ಅವಳಿಗೆ ಛೇಡಿಸಲೂ ಉಸಿರಿಲ್ಲ. ಶ್ವಾಸಕೋಶ ಕೈಕೊಟ್ಟಿತ್ತು. ಡಾಕ್ಟರು ಕೈಚೆಲ್ಲಿ, "ಮುಖಕ್ಕೆ ಗಾಳಿ ಬೀಳ್ತಾ ಇರಲಿ, ಅಷ್ಟೇ" ಎಂದಿದ್ದರು. ಮಂಚದ ಪಕ್ಕ ಒಂದು ಪುಟ್ಟ ಫ್ಯಾನು. ಹಾಳಾದ ಕರೆಂಟು ಮಾತ್ರ ದಿನಾ ಸುಡುಬಿಸಿಲ ಹೊತ್ತಿಗೇ ನಾಪತ್ತೆ.

ಆಗಲೇ ಅವನು ಕೆಲಸ ಮಾಡುತ್ತಿದ್ದ ದೊಡ್ಡ ಕಟ್ಟಡಕ್ಕೆ ಬಿಸಿಲಿನಿಂದ ಕರೆಂಟು ಹುಟ್ಟಿಸುವ ಗಾಜು ಬಂತು. ಕಿಟಕಿಗೆ ಕಿಟಕಿ, ಕರೆಂಟಿಗೆ ಕರೆಂಟು, ಅಂಚಿನಲ್ಲಿ ಎರಡು ವೈರು. ಕೆಲಸ ಮುಗಿದಾಗ ಎರಡು ಗಾಜು ಉಳಿದವು. ಒಂದು ಕಂದು, ಇನ್ನೊಂದು ತಿಳಿನೀರಿನಂಥದ್ದು. ಅವನ ಮನೆಯ ಪಾಡು ಬಲ್ಲ ಇಂಜಿನಿಯರಮ್ಮ "ಯಾವುದು ಬೇಕೋ ತಗೊಂಡ್ಹೋಗಿ ಗಾಜಣ್ಣ" ಎಂದರು. ಅವನು ಎರಡನ್ನೂ ಕಣ್ಣಿಗೆ ಹಿಡಿದ. ಕೇಳುವುದೇನಿದೆ? ತಿಳಿಯಾದದ್ದನ್ನೇ ಹೊತ್ತು ತಂದ.

ಈ ಗಾಜನ್ನು ಅಳತೆಗೆ ಕೊಯ್ಯುವಂತಿರಲಿಲ್ಲ, ಕೊಯ್ದರೆ ಕರೆಂಟು ಬರದು. ಕಿಟಕಿಯ ಬಾಗಿಲುಗಳನ್ನೇ ಕಿತ್ತು, ಚೌಕಟ್ಟಿನ ತುಂಬ ಗಾಜು ಕೂರಿಸಿ, ಸುತ್ತ ಅಂಟು ಮೆತ್ತಿದ. ಇರುವೆ ನುಸುಳಲೂ ಸಂದಿಯಿಲ್ಲ. ಆ ಕೋಣೆಗೆ ಇದ್ದ ಕಿಟಕಿ ಅದೊಂದೇ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನಿಗೆ ಗಾಜಿನ ವೈರು ಸಿಕ್ಕಿಸಿದ. ಫ್ಯಾನು ಒಮ್ಮೆ ನಡುಗಿ ಸುಮ್ಮನಾಯಿತು. ಗಾಬರಿಯಿಂದ ಇಂಜಿನಿಯರಮ್ಮನಿಗೆ ಫೋನು ಮಾಡಿದ.

"ಅಯ್ಯೋ, ತಿಳಿ ಗಾಜು ಯಾಕೆ ತಂದ್ರಿ? ಅದು ಬೆಳಕನ್ನೆಲ್ಲ ಒಳಗೆ ಬಿಟ್ಬಿಡುತ್ತೆ. ಹಿಡ್ಕೊಂಡ್ರೆ ತಾನೆ ಕರೆಂಟು? ಕಂದು ಗಾಜಾಗಿದ್ರೆ ಆ ಫ್ಯಾನು ತಿರುಗ್ತಿತ್ತು. ಛೆ, ನಾನಾದ್ರೂ ಹೇಳ್ಬೇಕಿತ್ತು."

"ಈಗ್ಲೇ ಬಂದು ಆ ಕಂದು ಗಾಜು ತಗೊಂಡ್ಹೋಗ್ಲಾ ಅಮ್ಮಾ?"

"ಬೆಳಿಗ್ಗೇನೇ ಲಾರಿ ಹತ್ತಿ ಹೋಯ್ತಲ್ಲ ಗಾಜಣ್ಣ."

ಕೋಣೆ ಕಾದ ಕಾವಲಿಯಾಗಿತ್ತು. ಬಿಸಿಲು ಒಂದಿಷ್ಟೂ ಸೋಸದೆ ಹೆಂಡತಿಯ ಮುಖದ ಮೇಲೆ ಬಿದ್ದಿತ್ತು. ಎದೆ ತಿದಿಯಂತೆ ಏಳುತ್ತಿತ್ತು. ಗಾಜು ಸುತ್ತಿ ತಂದಿದ್ದ ರಟ್ಟು ಹಿಡಿದು ಬೀಸಿದ. ಅದೇ ಬಿಸಿಗಾಳಿ ಸುತ್ತಿ ಸುತ್ತಿ ಬಂತು. ಅಂಟು ಕೆರೆದ. ಅವನೇ ಮೆತ್ತಿದ ಅಂಟು, ಸುಲಭಕ್ಕೆ ಬಿಟ್ಟೀತೇ? ಕೊನೆಗೆ ಸುತ್ತಿಗೆ ಎತ್ತಿಕೊಂಡ.

"ಒಡೀಬೇಡ್ರೀ," ಎಂದಳು ಅವಳು, ಉಸಿರು ಕೂಡಿಸಿಕೊಂಡು. "ನೀವು... ಬೀದಿ ತಿರುವಲ್ಲಿ ಬರೋದು... ಈ ಗಾಜಲ್ಲಿ ಮಲಗಿದ್ದಲ್ಲಿಂದ್ಲೇ ಕಾಣುತ್ತೆ."

ಜೀವಮಾನದಲ್ಲಿ ಬೇಕೆಂದು ಒಂದು ಗಾಜೂ ಒಡೆದವನಲ್ಲ. ಕಣ್ಣು ಮುಚ್ಚಿ ಹೊಡೆದ. ಬಲೆಬಲೆಯಾಗಿ ಬಿರಿಯಿತು. ಮತ್ತೆ ಮತ್ತೆ ಹೊಡೆದು, ಅಂಗೈ ಕೊಯ್ದುಕೊಂಡು, ಗಾಜನ್ನೆಲ್ಲ ಕಿತ್ತು ಹಾಕಿದ.

ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.