ಕರಡಚ್ಚಿನ ಅಂಚಿನಲ್ಲೊಂದು ಪ್ರಶ್ನೆ

ಆ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರನ್ನು ಎಲ್ಲರೂ ‘ಅಲ್ಪವಿರಾಮ’ ಎಂದೇ ಕರೆಯುತ್ತಿದ್ದರು. ಮಾತಾಡುವಾಗಲೂ ಅಲ್ಲಲ್ಲಿ ನಿಂತು ಉಸಿರೆಳೆದುಕೊಳ್ಳುವ ಅಭ್ಯಾಸ. ಅಷ್ಟರಲ್ಲಿ ಎದುರಿನವರು ತಮ್ಮ ಮಾತು ಮುಗಿಸಿ ಹೊರಟುಬಿಟ್ಟಿರುತ್ತಿದ್ದರು. ಹೀಗಾಗಿ ತಾವು ಇದುವರೆಗೆ ಒಂದು ಜಗಳವನ್ನೂ ಗೆದ್ದಿಲ್ಲ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಆ ಸಲದ ಚುನಾವಣೆಗೆ ಅವರದೇ ಬೀದಿಯ ವಿಜ್ಞಾನದ ಮೇಷ್ಟ್ರು ನಿಂತರು. ‘ಯಾವ ಕಂಪನಿಯ ಕಾಸನ್ನೂ ಮುಟ್ಟುವುದಿಲ್ಲ’ ಎಂಬುದು ಇದೇ ಅಚ್ಚುಕೂಟದಲ್ಲಿ ಅಚ್ಚಾದ ಅವರ ಕರಪತ್ರದ ಮೊದಲ ಸಾಲು. ಅಲ್ಪವಿರಾಮರಿಗೆ ಆ ಸಾಲೆಂದರೆ ಪ್ರಾಣ. ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಮತದಾನಕ್ಕೆ ಎರಡು ವಾರವಿದೆ ಎನ್ನುವಾಗ ಎರಡನೇ ಮುದ್ರಣದ ಕರಡು ಮೇಜಿಗೆ ಬಂತು. ಒಂದು ಪದ ಮೆಲ್ಲಗೆ ನುಸುಳಿತ್ತು: ‘ಯಾವ ಕೆಟ್ಟ ಕಂಪನಿಯ ಕಾಸನ್ನೂ ಮುಟ್ಟುವುದಿಲ್ಲ.’ ಊರಾಚೆಯ ಬಣ್ಣದ ಕಾರ್ಖಾನೆ ಮೇಷ್ಟ್ರಿಗೆ ದೇಣಿಗೆ ಕೊಟ್ಟಿದೆಯಂತೆ ಎಂಬ ಗುಸುಗುಸು ಬೀದಿಯಲ್ಲಿ ಇದ್ದೇ ಇತ್ತು.

ಅಪರೂಪಕ್ಕೆ ಅಲ್ಪವಿರಾಮರಿಗೆ ರೋಷ ಬಂತು. ಕರಡನ್ನು ಮಡಚಿ ಜೇಬಿಗಿಟ್ಟುಕೊಂಡು ನೆಟ್ಟಗೆ ಮೇಷ್ಟ್ರ ಮನೆಗೆ ನಡೆದರು.

“ಇದು, ಅಚ್ಚಿನ ತಪ್ಪಾ ಮೇಷ್ಟ್ರೇ?”

“ಬೇಕಂತಲೇ ಹಾಕ್ಸಿದ್ದು,” ಎಂದರು ಮೇಷ್ಟ್ರು. “ಜೀಪಿಗೆ, ಮೈಕಿಗೆ ಬರೀ ಒಳ್ಳೆತನ ಸಾಕಾಗಲ್ಲ ಕಣ್ರೀ. ಅಂದಹಾಗೆ, ನಿಮ್ಮ ಕನ್ನಡಕ ಎಲ್ಲಿದು?”

ಅದು ಆ ಕಾರ್ಖಾನೆಯವರೇ ಉಚಿತ ಕಣ್ಣಿನ ತಪಾಸಣೆ ನಡೆಸಿ ಕೊಟ್ಟದ್ದು. ಕನ್ನಡಕದ ಜೊತೆಗೆ ರೋಷವೂ ಮೂಗಿನಿಂದ ಜಾರಿತು. ಕೊಟ್ಟ ಚಹಾ ಕುಡಿದು, ಚೆನ್ನಾಗಿದೆ ಎಂದು ಹೊಗಳಿ ಬೇರೆ ಬಂದರು.

ಸುದ್ದಿ ಕೇಳಿ ಹೆಂಡತಿ ಹಣೆ ಚಚ್ಚಿಕೊಂಡರು. “ನೀವೇನು ಎಲೆಕ್ಷನ್‌ಗೆ ನಿಂತಿದ್ದೀರಾ? ಕನ್ನಡಕ ತಗೊಳ್ಳಲ್ಲ ಅಂತ ಊರಿಗೆಲ್ಲ ಮಾತು ಕೊಟ್ಟಿದ್ರಾ? ಅಷ್ಟು ಹೇಳೋಕಾಗ್ಲಿಲ್ವಾ?”

“ಹೇಳ್ಬಹುದಿತ್ತು. ಹೊಳೀಲಿಲ್ಲ.”

ಮರುದಿನ ‘ಕೆಟ್ಟ’ ಎಂಬುದನ್ನು ಹೊಡೆದುಹಾಕಲು ಪೆನ್ನೆತ್ತಿದರು, ಕೈ ಬರಲಿಲ್ಲ. ಕೊನೆಗೆ ಅದರ ಪಕ್ಕದ ಅಂಚಿನಲ್ಲಿ, ಕಂಡೂ ಕಾಣದ ಹಾಗೆ, ಪುಟ್ಟದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಹಿ ಮಾಡಿದರು. ತಮ್ಮ ಬಂಡಾಯದ ಗಾತ್ರ ಕಂಡು ತಮಗೇ ನಗು ಬಂತು.

ಅಚ್ಚುಕೂಟದ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವಾಕೆ ಅದನ್ನೂ ತಿದ್ದುಪಡಿಯೆಂದೇ ತಿಳಿದಳು. ‘ಯಾವ ಕೆಟ್ಟ? ಕಂಪನಿಯ ಕಾಸನ್ನೂ ಮುಟ್ಟುವುದಿಲ್ಲ’ ಎಂದು ಅಚ್ಚಾಗಿ ಹತ್ತು ಸಾವಿರ ಪ್ರತಿ ಮನೆಮನೆ ಸೇರಿದವು. ಊರು ಬಿದ್ದುಬಿದ್ದು ನಕ್ಕಿತು. ಮುಂದಿನ ಸಭೆಯಲ್ಲಿ ಜನ ಅದನ್ನೇ ಹಿಡಿದು ಕೇಳಿದಾಗ ಮೇಷ್ಟ್ರು ದೇಣಿಗೆಯ ವಿಷಯ ಒಪ್ಪಿಕೊಳ್ಳಲೇಬೇಕಾಯಿತು. ಆದರೂ ಗೆದ್ದರು, ಕೂದಲೆಳೆಯಲ್ಲಿ.

ಆ ಚಿಹ್ನೆ ಹಾಕಿದವರು ಯಾರೆಂದು ಗೊತ್ತಾಗಿ ಅಲ್ಪವಿರಾಮರು ಮಾತ್ರ ಬೀದಿಗೆಲ್ಲ ಗಂಡೆದೆಯವರಾದರು. ಕ್ಷೌರದಂಗಡಿಯವನು ಎದ್ದು ನಿಂತು ಕುರ್ಚಿ ಒರೆಸಿದ.

“ಅದು ಧೈರ್ಯ ಅಲ್ಲ, ಎಡವಟ್ಟು ಅಂತ ಜನಕ್ಕೆ ಹೇಳಿದ್ರಾ?” ಎಂದು ಹೆಂಡತಿ ಕೇಳಿದರು.

“ಮೊದಲಿನ ಇಬ್ಬರಿಗೆ ಹೇಳ್ದೆ,” ಎಂದರು ಅವರು. “ಮೂರನೆಯವನು ತುಂಬಾ ಹೊಗಳ್ತಿದ್ದ.”