‘ನಾನೇ ಬಿಟ್ಟು ಬಂದೆ’ ಎಂದ ಪ್ಯಾನ್‌ಮನ್

ಗುರುಪಾದನಿಗೆ ಇನ್ನೂ ಒಂಬತ್ತು ತಿಂಗಳ ಪಗಾರ ಬರಬೇಕು. ಮುಧೋಳ ಸೀಮೆಯ ಒಂದು ಖಾಸಗಿ ಸಕ್ಕರೆ ಕಾರ್ಖಾನೆ ಕೊಡಬೇಕು. ದುಡಿದ ಪಗಾರ, ಬಕ್ಷೀಸಲ್ಲ. ಕಾರ್ಖಾನೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಸು ನಡೆದಿದೆ, ಅವರ ವಕೀಲರು ಎಲ್ಲವನ್ನೂ ಓದುತ್ತಾರೆ, ಎಲ್ಲವನ್ನೂ ನೋಡುತ್ತಾರೆ. ಎಷ್ಟು ನೋಡುತ್ತಾರೆ ಎಂಬುದು ಗುರುಪಾದನಿಗೆ ತಡವಾಗಿ ತಿಳಿಯಿತು.

ಹದಿನೆಂಟು ವರ್ಷ ಅವನು ಅಲ್ಲಿ ಪ್ಯಾನ್‌ಮನ್ ಆಗಿದ್ದ. ಕಬ್ಬಿನ ಹಾಲು ಪಾಕವಾಗಿ ಮನೆಯಷ್ಟು ದೊಡ್ಡ ಪ್ಯಾನಿನಲ್ಲಿ ಕುದಿಯುವಾಗ ಸಕ್ಕರೆಯ ಕಾಳು ಯಾವ ಗಳಿಗೆಗೆ ಕಟ್ಟಿತು ಎಂದು ಹೇಳುವವನು ಪ್ಯಾನ್‌ಮನ್. ಗಾಜಿನ ಪಟ್ಟಿಗೆ ಒಂದು ಹನಿ ಹಚ್ಚಿ ದೀಪಕ್ಕೆ ಹಿಡಿಯುತ್ತಾನೆ, ಬೆರಳಲ್ಲಿ ತಿಕ್ಕಿ ನೋಡುತ್ತಾನೆ. ಮೀಟರು ಏನೇ ತೋರಿಸಲಿ, ಕಣ್ಣಾರೆ ಕಂಡಲ್ಲದೆ ನಂಬುವುದಿಲ್ಲ. ಈ ಚಾಳಿ ಗುರುಪಾದನಿಗೆ ಮನೆಯಲ್ಲೂ ಅಂಟಿಕೊಂಡಿತ್ತು. ಐನೂರರ ನೋಟಿನ ಜೊತೆ ಬಸ್ಸಿನ ಟಿಕೆಟನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ. ಯಾರಾದರೂ ನಗುತ್ತ ನಮಸ್ಕಾರ ಮಾಡಿದರೆ, ಏನು ಮಾರಲು ಬಂದಿದ್ದಾನೆ ಎಂದು ಮೊದಲು ಅವನ ಬಗಲಿನ ಚೀಲ ನೋಡುತ್ತಿದ್ದ.

ಮೂರು ವರ್ಷದ ಹಿಂದೆ ಕಾರ್ಖಾನೆ ಬೇರೆಯವರ ಕೈಗೆ ಹೋಯಿತು. ಕಬ್ಬು ಅರೆಯುವ ಹಂಗಾಮು ಶುರುವಾಗುವಾಗ ರೈತರನ್ನೆಲ್ಲ ಕರೆದು ಮಾಡುವ ಬಾಯ್ಲರ್ ಪೂಜೆಯ ದಿನ ಬೆಳಿಗ್ಗೆ ಇಪ್ಪತ್ಮೂರು ಕಾರ್ಮಿಕರನ್ನು ಗೇಟಿನ ಹೊರಗೇ ತಡೆದರು. ಬಾಕಿ ಪಗಾರ ಕೇಳಿ ಅರ್ಜಿಗೆ ಸಹಿ ಹಾಕಿದ್ದ ಇಪ್ಪತ್ಮೂರು ಜನ ಅವರೇ. ವಾಚ್‌ಮನ್ ಕೈಯಲ್ಲಿ ಹೆಸರಿನ ಪಟ್ಟಿ ಇತ್ತು; ಕೆಲಸದಿಂದ ತೆಗೆದ ಕಾಗದ ಮಾತ್ರ ಯಾರಿಗೂ ಕೊಡಲಿಲ್ಲ. ಕೊಡದೆ ಇದ್ದದ್ದು ಮರೆತು ಅಲ್ಲ. ಕೇಸು ಹಾಕಿದಾಗ ಆಡಳಿತದವರು ತಣ್ಣಗೆ ಹೇಳಿದರು: ನಾವು ಯಾರನ್ನೂ ತೆಗೆದಿಲ್ಲ, ಇವರೇ ನೌಕರಿ ಬಿಟ್ಟರು, ಲೆಕ್ಕ ಚುಕ್ತಾ ಮಾಡಿಕೊಂಡು ಹೋದರು. ಹಿಂದೆ ಯಾವುದೋ ಭತ್ಯೆಗೆಂದು ಖಾಲಿ ಕಾಗದದ ಮೇಲೆ ಪಡೆದಿದ್ದ ಸಹಿಗಳನ್ನು ಮುಂದಿಟ್ಟರು. ಅಲ್ಲಿಗೆ ಇಡೀ ಕೇಸು ಒಂದೇ ಪ್ರಶ್ನೆಗೆ ಬಂದು ನಿಂತಿತು: ಬಿಟ್ಟರೋ, ಬಿಡಿಸಿದರೋ?

ಬೇರೆ ಕಾರ್ಖಾನೆಗಳಲ್ಲಿ ಗುರುಪಾದ ಕೆಲಸ ಕೇಳಿದ. ಫೋನಿನಲ್ಲಿ ಬಾ ಎನ್ನುತ್ತಿದ್ದರು, ಹೋಗಿ ಹೆಸರು ಹೇಳಿದರೆ ಜಾಗ ತುಂಬಿರುತ್ತಿತ್ತು. ಮಾಲೀಕರ ನಡುವಿನ ನೆಟ್‌ವರ್ಕಿಗೆ ಯಾರೂ ತರಬೇತಿ ಕೊಡಬೇಕಾಗಿಲ್ಲ.

ಕಡೆಗೆ ಚಿಮ್ಮಡದ ಹೊರಗೆ ಗಿರಿಮಲ್ಲಪ್ಪನವರ ಹೊಲದಲ್ಲಿ ಬಂದಾಗಿದ್ದ ಬೆಲ್ಲದ ಗಾಣವನ್ನು ಬಾಡಿಗೆಗೆ ಹಿಡಿದ. ಪಾಕದ ಹದ ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಹಾಕುವ ಗಂಧಕದ ಬಿಳುಪಿನ ಪುಡಿ ಮುಟ್ಟುವುದಿಲ್ಲ ಎಂದು ಹಟ ಹಿಡಿದ. ಬೆಂಡೆ ಗಿಡ ಜಜ್ಜಿದ ಲೋಳೆ ಹಾಕಿ ಹೊಲಸು ತೆಗೆದ. ಬೆಲ್ಲ ಕಂದು ಬಣ್ಣಕ್ಕೆ ಬಂತು. ಮಹಾಲಿಂಗಪುರದ ಪೇಟೆಯಲ್ಲಿ ದಲಾಲ ಒಂದು ಪೆಂಟಿ, ಅಂದರೆ ಬೆಲ್ಲದ ದೊಡ್ಡ ಮುದ್ದೆ, ಒಡೆದು ನೋಡಿ, ಇದನ್ನು ದನಕ್ಕೆ ಹಾಕುತ್ತೀಯೇನು ಎಂದು ಕೇಳಿದ. ಪುಡಿ ಹಾಕಿದ ಹಳದಿ ಬೆಲ್ಲ ಪಕ್ಕದಲ್ಲೇ ಒಳ್ಳೆಯ ಬೆಲೆಗೆ ಹೋಯಿತು.

ಸಂತೆಯಲ್ಲಿ ತಾನೇ ಕೂತು ಮಾರಲು ನೋಡಿದ. ಅಲ್ಲಿ ಅನಸವ್ವ ಎಂಬ ಮುದುಕಿ ಎಲ್ಲರ ಮುಂದೆ ಅವನನ್ನು ಹಿಡಿದಳು.

“ಫ್ಯಾಕ್ಟರ್‍ಯಾಗ ಇದ್ದೆ ಅಂತಿ. ಅಲ್ಲಿ ಸಕ್ಕರಿ ಬೆಳ್ಳಗ ಮಾಡಾಕ ಗಂಧಕ ಹಾಕಿದ ಕೈ ಇಲ್ಲಿ ಸುಮ್ಮ ಇರತೈತೇನಪಾ? ಮೊದಲ ನೀ ಒಂದ ತುಣಕ ತಿನ್ನು.”

ಗುರುಪಾದ ತಿಂದ. ಅದು ಅವನ ಗಂಟಲಲ್ಲಿ ಇಳಿಯುವುದನ್ನೇ ಅವಳು ನೋಡಿದಳು.

“ರೊಕ್ಕಾ ಬರತೈತಿ ಅಂದ್ರ ಮಂದಿ ಏನ ಬೇಕಾದ್ದು ತಿಂತಾರ” ಎಂದು ಚೀಲ ಎತ್ತಿಕೊಂಡು ಹೋದಳು.

ಅವನಿಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ತಾನಿದ್ದರೂ ಹಾಗೇ ಅನ್ನುತ್ತಿದ್ದ.

ಜಮಖಂಡಿಯಲ್ಲಿ ರಸಿಕಾ ಎಂಬವಳು ಸಣ್ಣ ವ್ಯಾಪಾರದವರಿಗೆ ನಡೆಸುವ ಉಚಿತ ತರಬೇತಿಯ ಚೀಟಿ ಸಿಕ್ಕದ್ದು ಅವನ ಹೆಂಡತಿ ಹಾಲವ್ವನಿಗೆ, ಹಿಟ್ಟಿನ ಗಿರಣಿಯಲ್ಲಿ. ‘ನಿಮ್ಮ ಹೆಸರೇ ನಿಮ್ಮ ಬ್ರ್ಯಾಂಡ್, ಬಿದ್ದವರೇ ಏಳಿ’ ಎಂದು ಅಚ್ಚಾಗಿತ್ತು. ಉಚಿತ ಎಂಬ ಶಬ್ದ ಓದಿಯೇ ಗುರುಪಾದನ ಮುಖ ಗಂಟಿಕ್ಕಿತು. ಅವನ ಷಡ್ಡಕ ಇಂಥದೇ ಸಭೆಗೆ ಹೋಗಿ, ಮೂವರನ್ನು ಸೇರಿಸಿದರೆ ನಿನಗಿಷ್ಟು ಎಂಬ ಸರಪಳಿ ವ್ಯಾಪಾರಕ್ಕೆ ಸಿಕ್ಕು, ಅಡುಗೆಮನೆ ತುಂಬ ಹಲ್ಲುಪುಡಿಯ ಡಬ್ಬಿ ಇಟ್ಟುಕೊಂಡು ಕೂತಿದ್ದ. ಆದರೂ ಹಾಲವ್ವನನ್ನು ಕರೆದುಕೊಂಡು ಜಮಖಂಡಿಗೆ ಹೋದ. ಗಾಣದಲ್ಲಿ ನಲವತ್ತು ಪೆಂಟಿಗೆ ಇರುವೆ ಮುತ್ತಿದ್ದವು, ಬೇರೆ ದಾರಿ ಇರಲಿಲ್ಲ. ಹಾಲ್‌ನಲ್ಲಿ ಬಾಗಿಲ ಪಕ್ಕದ ಕುರ್ಚಿ ಹಿಡಿದ. ಚಹಾ ಬಂದರೂ ಕುಡಿಯಲಿಲ್ಲ. ಕುಡಿದರೆ ಹಂಗು ಎಂದು ಹಾಲವ್ವನ ಕಪ್ಪನ್ನೂ ತಿರುಗಿ ಕೊಡಿಸಿದ.

ರಸಿಕಾ ಮೂವತ್ತು ದಾಟಿದ ಹೆಂಗಸು. ಪುಣೆಯ ಕಂಪನಿಯೊಂದು ಕೈಬಿಟ್ಟ ಮೇಲೆ ಊರಿಗೆ ಬಂದು ಈ ಕೆಲಸ ಹಿಡಿದಿದ್ದಳು. ಬಿದ್ದದ್ದನ್ನು ಮುಚ್ಚಿಡಬೇಡಿ, ಅದನ್ನೇ ಕಥೆ ಮಾಡಿ ಹೇಳಿ ಎಂದಳು. ಕಾರ್ಡು ಮಾಡಿಸಿ, ವಾರಕ್ಕೆ ಇಪ್ಪತ್ತು ಹೊಸ ಜನರಿಗೆ ಕೊಡಿ, ಅವರ ನಂಬರು ಬರೆದುಕೊಳ್ಳಿ, ಅವರ ಮನೆಯ ಕಾರ್ಯಗಳಿಗೆ ಹೋಗಿ ಎಂದಳು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಗುರುಪಾದ ಎದ್ದು ನಿಂತ.

“ಇದರಾಗ ನಿಮಗೇನ ಸಿಗತೈತ್ರಿ, ಮೇಡಂ?”

“ನಿಮ್ಮ ಮಾಲು ಹೋದ್ರ ನೂರಕ್ಕ ಎಂಟು ನಂದು, ಅಣ್ಣಾರ. ಹೋಗಲಿಲ್ಲಂದ್ರ ಏನೂ ಇಲ್ಲ.”

ಆಗ ಅವನಿಗೆ ಉಸಿರು ಬಂತು. ಸೇವೆ, ಸಮಾಜ ಎಂದಿದ್ದರೆ ಎದ್ದು ಬಸ್ಸು ಹಿಡಿಯುತ್ತಿದ್ದ.

ರಸಿಕಾ ಕೊಟ್ಟ ಕರಾರಿನ ಕಾಗದವನ್ನು ಮೂರು ದಿನ ಓದಿದ. ನೂರಕ್ಕೆ ಎಂಟನ್ನು ಆರು ಮಾಡಿಸಿದ. ಆಧಾರ್ ಕಾರ್ಡಿನ ಪ್ರತಿ ಕೊಡಲಿಲ್ಲ. ಕಾಗದದಲ್ಲಿ ಎಲ್ಲೆಲ್ಲಿ ಖಾಲಿ ಜಾಗವಿತ್ತೋ ಅಲ್ಲೆಲ್ಲ ಅಡ್ಡಗೆರೆ ಎಳೆದ ಮೇಲೆಯೇ ಸಹಿ ಮಾಡಿದ. ಇನ್ನು ಯಾರೂ ತನಗೆ ಮೋಸ ಮಾಡಲಾರರು ಎಂದುಕೊಂಡ.

ವೀಡಿಯೊ ಮಾಡಲು ರಸಿಕಾ ಗಾಣಕ್ಕೆ ಬಂದಳು. ಗುರುಪಾದ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಗೇಟು ಹಾಕಿದರು, ಪಗಾರ ಕೊಡಲಿಲ್ಲ, ಹೊಟ್ಟೆಪಾಡಿಗೆ ಬೆಲ್ಲ ಮಾಡುತ್ತಿದ್ದೇನೆ. ಅವಳು ಫೋನು ಕೆಳಗಿಳಿಸಿದಳು. ಅಳುವವನ ಕೈಯಿಂದ ಸಿಹಿ ಯಾರು ತೆಗೆದುಕೊಳ್ಳುತ್ತಾರೆ ಎಂದು ಕೇಳಿದಳು. ಫ್ಯಾಕ್ಟರಿಯವನು ಎಂದು ಜನ ಸಂಶಯ ಪಡುತ್ತಾರಲ್ಲ, ಆ ಸಂಶಯವನ್ನೇ ತಿರುಗಿಸಬೇಕು ಎಂದಳು.

“ಬಿಡಿಸಿದ್ರು ಅನಬ್ಯಾಡ್ರಿ. ಬಿಟ್ಟೆ ಅನ್ರಿ. ಮಾತು ಒಂದ ಅದ, ವಜನ ಬ್ಯಾರೆ.”

ನಾಲ್ಕನೆಯ ಸಲಕ್ಕೆ ಸರಿಯಾಗಿ ಬಂತು. “ಹದಿನೆಂಟ ವರ್ಷ ಗಂಧಕದ ಹೊಗ್ಯಾಗ ದುಡದೆ. ಒಂದಿನ ಮನಸ ಒಪ್ಪಲಿಲ್ಲ. ನೌಕ್ರಿ ನಾನ ಬಿಟ್ಟ ಬಂದೆ.” ಹಿಂದೆ ಕಡಾಯಿಯಿಂದ ಹಬೆ ಏಳುತ್ತಿತ್ತು. ನೋಡಲು ಚೆನ್ನಾಗಿಯೇ ಇತ್ತು.

ಹಾಲವ್ವ ಕಬ್ಬಿನ ಸಿಪ್ಪೆ ಒಟ್ಟುತ್ತ ಕೇಳಿಸಿಕೊಂಡಿದ್ದಳು. “ನೀವ ಯಾವಾಗ ಬಿಟ್ಟ್ರಿ?” ಎಂದಳು.

ಅದು ಹೇಳುವ ರೀತಿ, ನಿನಗೆ ತಿಳಿಯುವುದಿಲ್ಲ ಎಂದ. ಕಾಗದದ ಒಂದೊಂದು ಅಕ್ಷರವನ್ನು ಅನುಮಾನದಿಂದ ಓದಿದವನು ತನ್ನ ಬಾಯಿಂದ ಬಂದ ಸಾಲನ್ನು ಬೆಳಕಿಗೆ ಹಿಡಿದು ನೋಡಲಿಲ್ಲ.

ಬೆಲ್ಲ ಹೋಯಿತು. ಪೊಟ್ಟಣದ ಮೇಲೆ ಅವನ ಮುಖ, ಕೆಳಗೆ ‘ಗಂಧಕ ಬಿಟ್ಟು ಬಂದ ಗುರುಪಾದ’ ಎಂದು. ಹುಬ್ಬಳ್ಳಿ, ಸಾಂಗಲಿಯಿಂದ ಫೋನು ಬಂದವು. ನಾಲ್ಕುನೂರು ನಂಬರು ಸೇರಿದವು. ರಬಕವಿಯಲ್ಲಿ ಶಾಲು ಹೊದಿಸಿದರು, ಬೀಳಗಿಯಲ್ಲಿ ಭಾಷಣಕ್ಕೆ ಕರೆದರು. ಹೇಳಿದ ಹಾಗೆಲ್ಲ ಕಥೆಗೆ ಕೈಕಾಲು ಮೂಡಿದವು. ಬೀಳಗಿಗೆ ಹೋಗುವ ಹೊತ್ತಿಗೆ ಅವನು ರಾಜೀನಾಮೆಯನ್ನು ಮ್ಯಾನೇಜರನ ಟೇಬಲ್ಲಿನ ಮೇಲೆ ಎಸೆದು ಬಂದಿದ್ದ. ಜನ ಚಪ್ಪಾಳೆ ತಟ್ಟಿದರು.

ಮರುವಾರ ಶಿವಯೋಗಿ ಗಾಣಕ್ಕೆ ಬಂದ. ಇಪ್ಪತ್ಮೂರು ಜನರ ಕೇಸಿಗೆ ಓಡಾಡುವವನು ಅವನೇ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಒಂದು ಪೆಂಟಿ ಕೊಂಡು ಪೂರ್ತಿ ದುಡ್ಡು ಕೊಟ್ಟ. ಆಮೇಲೆ ಮಾತಾಡಿದ.

“ರಾಜೀನಾಮಿ ಟೇಬಲ್ ಮ್ಯಾಲ ಒಗದ್ಯಂತಲ್ಲೋ ಗುರ್‍ಯಾ. ನಾ ನಿನ್ನ ಬಾಜೂಕ ಗೇಟಿನ ಹೊರಗ ನಿಂತಿದ್ದೆ. ನನಗ ಕಾಣಲಿಲ್ಲ.”

“ಅದು ವ್ಯಾಪಾರದ ಮಾತಪಾ.”

“ಕೋರ್ಟಿಗೆ ವ್ಯಾಪಾರ ಗೊತ್ತಾಗತೈತೇನ?”

ಶಿವಯೋಗಿ ಹೋದ ಮೇಲೆ ಗುರುಪಾದ ಹೆಂಡತಿಗೆ ಹೇಳಿದ: ಹೊಟ್ಟೆಕಿಚ್ಚು, ಮತ್ತೇನಿಲ್ಲ. ಅಷ್ಟು ಜನರಲ್ಲಿ ತನಗೊಬ್ಬನಿಗೆ ನಾಲ್ಕು ಕಾಸು ಕಂಡದ್ದು ಅವನಿಗೆ ಸಹಿಸಲಾಗಲಿಲ್ಲ.

ಎರಡು ತಿಂಗಳಿಗೆ ಕಾರ್ಮಿಕ ನ್ಯಾಯಾಲಯದಲ್ಲಿ ಅವನ ಸಾಕ್ಷಿ ಇತ್ತು. ಗೇಟಿನ ಹೊರಗೆ ತಡೆದರು ಎಂದು ಹೇಳಿದ. ಆಡಳಿತದ ವಕೀಲರು ಎದ್ದು, ಒಂದು ದೃಶ್ಯ ತೋರಿಸಲು ಅನುಮತಿ ಕೇಳಿದರು. ತಣ್ಣನೆಯ ಕೋಣೆಯಲ್ಲಿ ಗುರುಪಾದನ ಧ್ವನಿಯೇ ಕೇಳಿತು: ನೌಕ್ರಿ ನಾನ ಬಿಟ್ಟ ಬಂದೆ.

“ಇದು ನಿಮ್ಮ ದನಿ ಹೌದಲ್ಲ?”

“ಹೌದ್ರಿ.”

“ಈ ಮಾತನ್ನು ಯಾರಾದರೂ ಬಡಿದು ಹೇಳಿಸಿದರೇನು?”

“ಇಲ್ರಿ.”

ಸಮಯ ಮುಗಿಯಿತು, ವಿಚಾರಣೆ ಮುಂದಕ್ಕೆ ಹೋಯಿತು. ಹೊರಗೆ ಇಪ್ಪತ್ತೆರಡು ಜನ ನಿಂತಿದ್ದರು. ಯಾರೂ ಅವನಿಗೆ ಬೈಯಲಿಲ್ಲ, ಯಾರೂ ಅವನ ಜೊತೆ ಬಸ್ಸಿನಲ್ಲಿ ಕೂಡಲೂ ಇಲ್ಲ.

ನೆಟ್ಟಗೆ ಜಮಖಂಡಿಗೆ ಹೋಗಿ ರಸಿಕಾಳನ್ನು ಹಿಡಿದ. ವೀಡಿಯೊವನ್ನು ಕಾರ್ಖಾನೆಗೆ ಎಷ್ಟಕ್ಕೆ ಮಾರಿದೆ ಎಂದು ಕೇಳಿದ. ಅವಳು ಫೋನು ತಿರುಗಿಸಿ ತೋರಿಸಿದಳು. ನಲವತ್ತು ಸಾವಿರ ಜನ ನೋಡಿದ್ದರು. ಬಹಿರಂಗವಾಗಿ ಸಾರಿದ್ದನ್ನು ಕದ್ದು ಮಾರುವವರು ಯಾರು? ಆಮೇಲೆ, ತಡೆದು, ಇನ್ನೊಂದು ವೀಡಿಯೊ ಮಾಡೋಣ ಎಂದಳು. ಸುಳ್ಳು ಹೇಳಿದೆ, ಕ್ಷಮಿಸಿ ಎನ್ನುವವನನ್ನು ಜನ ಇನ್ನೂ ಹೆಚ್ಚು ನಂಬುತ್ತಾರಂತೆ. ಅವಳು ಕೆಟ್ಟವಳೋ ಒಳ್ಳೆಯವಳೋ ಅವನಿಗೆ ಇವತ್ತಿಗೂ ತಿಳಿದಿಲ್ಲ. ನೂರಕ್ಕೆ ಆರು ರೂಪಾಯಿಯ ಅವಳ ಲೆಕ್ಕದಲ್ಲಿ ಮಾತ್ರ ಒಮ್ಮೆಯೂ ತಪ್ಪು ಸಿಕ್ಕಿಲ್ಲ.

ಮುಂದಿನ ವಿಚಾರಣೆಗೆ ಹದಿನೈದು ದಿನವಿತ್ತು. ವೀಡಿಯೊ ಖರೆ ಎಂದರೆ ಇಪ್ಪತ್ತೆರಡು ಮನೆಯ ಪಗಾರ ಮುಳುಗುತ್ತದೆ. ಸುಳ್ಳು ಎಂದರೆ, ಅದೇ ಬಾಯಿ ಪುಡಿ ಹಾಕಿಲ್ಲ ಎಂದು ಹೇಳಿದ ಬೆಲ್ಲವೂ ಸುಳ್ಳಾಗುತ್ತದೆ. ಆ ದಿನಗಳಲ್ಲಿ ಅವನು ಎರಡು ಕಡಾಯಿ ಪಾಕ ಸೀಯಿಸಿದ. ಹಾಲವ್ವ ಒಂದೇ ಮಾತು ಕೇಳಿದಳು: “ಬೆಲ್ಲ ಮತ್ತ ಮಾಡಬಹುದು. ಆ ಮಂದಿ ಮುಂದ ಮತ್ತ ನಿಂದರಾಕ ಆಗತೈತೇನ್ರಿ?”

ಕೋರ್ಟಿನಲ್ಲಿ ಗುರುಪಾದ ಹೇಳಿದ: ಬೆಲ್ಲ ಮಾರಲಿಕ್ಕೆ ಸುಳ್ಳು ಹೇಳಿದೆ. ಬಿಡಲಿಲ್ಲ, ಬಿಡಿಸಿದರು. ವಕೀಲರು ನಕ್ಕು, ಹಾಗಾದರೆ ಈಗ ಹೇಳುವುದು ಏನನ್ನು ಮಾರಲಿಕ್ಕೆ ಎಂದು ಕೇಳಿದರು. ನ್ಯಾಯಾಧೀಶರು ಬರೆದುಕೊಂಡರು. ಎರಡೂ ಕಡೆ ಮಾತಾಡಿದವನ ಮಾತಿಗೆ ತೂಕವಿಲ್ಲ, ಗೇಟಿನಲ್ಲಿ ನಡೆದದ್ದನ್ನು ಕಂಡ ಹೊರಗಿನವರು ಯಾರಾದರೂ ಇದ್ದರೆ ಕರೆತನ್ನಿ ಎಂದರು.

ಸುದ್ದಿ ಹರಡಿತು. ಆರ್ಡರು ಅರ್ಧಕ್ಕಿಳಿದವು. ಗುರುಪಾದ ತನ್ನ ನಾಲ್ಕುನೂರು ನಂಬರಿನ ಪಟ್ಟಿ ತೆಗೆದು ಕೂತ. ಅದರಲ್ಲಿ ಕಬ್ಬು ಬೆಳೆಯುವವರೇ ನೂರಕ್ಕೂ ಹೆಚ್ಚು. ಗೇಟಿನಲ್ಲಿ ತಡೆದ ದಿನದ ಬಾಯ್ಲರ್ ಪೂಜೆಗೆ ಬಂದವರನ್ನು ಹುಡುಕಿ ಒಬ್ಬೊಬ್ಬರಿಗೂ ಫೋನು ಮಾಡಿದ. ಬೆಲ್ಲ ಬೇಕಾದರೆ ಕಳಿಸು ಎಂದರು ಕೆಲವರು. ಸಾಕ್ಷಿ ಎಂದೊಡನೆ ರೇಂಜು ಹೋಯಿತು. ಅವರ ಭಯ ಅವನಿಗೆ ಗೊತ್ತು: ಕಾರ್ಖಾನೆ ಸಿಟ್ಟಾದರೆ ಕಬ್ಬಿನ ಕಟಾವು ತಡವಾಗುತ್ತದೆ, ಹೊಲದಲ್ಲೇ ಒಣಗುತ್ತದೆ. ಗೊತ್ತಿದ್ದೂ ದಿನಕ್ಕೆ ಹತ್ತು ಫೋನು ಮಾಡುತ್ತಿದ್ದಾನೆ. ಶಿವಯೋಗಿ ಈಗ ಅವನ ಪಕ್ಕ ಕೂತು ನಂಬರು ಓದಿ ಹೇಳುತ್ತಾನೆ. ಗೆಳೆತನ ಮರಳಿದೆ ಎಂದಲ್ಲ. ಇವನು ಒಬ್ಬನೇ ಏನು ಮಾತಾಡುತ್ತಾನೋ ಎಂಬ ಅನುಮಾನ ಅವನಿಗಿದೆ.

ಇದನ್ನು ಓದುತ್ತಿರುವ ಕಬ್ಬಿನ ರೈತರೇ, ಆ ಪೂಜೆಯ ದಿನ ನೀವು ಎಂಟುನೂರು ಜನ ಅತಿಥಿಗಳಾಗಿ ಆ ಗೇಟು ದಾಟಿದ್ದೀರಿ. ಇಪ್ಪತ್ಮೂರು ಜನ ಬ್ಯಾರಿಕೇಡಿನ ಆಚೆ ನಿಂತಿದ್ದರು. ನೀವು ಅವರ ಮುಂದೆಯೇ ಹಾಯ್ದು ಒಳಗೆ ಹೋಗಿ ಸಿರಾ ಉಂಡಿರಿ, ಗೇಟಿನ ಕಮಾನಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಿರಿ. ಆ ಫೋಟೊಗಳ ಹಿಂಬದಿಯಲ್ಲಿ ಅವರಿದ್ದಾರೆ, ತಾರೀಖೂ ಇದೆ. ಗುರುಪಾದನನ್ನು ನಂಬಬೇಡಿ, ಅವನು ಸುಳ್ಳು ಹೇಳಿದವನು. ನಿಮ್ಮ ಫೋನನ್ನು ನೀವೇ ತೆಗೆದು ನೋಡಿ. ಮುಂದಿನ ವಿಚಾರಣೆಗೆ, ಈ ತಿಂಗಳ ಇಪ್ಪತ್ತಾರಕ್ಕೆ ಬೆಳಿಗ್ಗೆ ಹತ್ತೂವರೆಗೆ, ಆ ಫೋನು ಹಿಡಿದು ಕೋರ್ಟಿನ ಕಟಕಟೆ ಹತ್ತುತ್ತೀರೋ ಇಲ್ಲವೋ, ಈಗಲೇ ಹೇಳಿ.